ಇಳಿಯುವುದನ್ನು ಮೊದಲು ಕಲಿಯಿರಿ

ಮಕ್ಕಳೇ,

ಜಿಮ್ನಾಸ್ಟ್ ದೀಪಾ ಕರ್ಮಾಕರ್ ರಿಯೊ ಒಲಿಂಪಿಕ್ಸ್‌ನಲ್ಲಿ ವಾಲ್ಟ್ ಹಾರಿದ ವಿಡಿಯೊವನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿದ್ದೀರಿ. ಮೈದಾನದ ಮೂಲೆಯಲ್ಲಿ ಒಂದೇ ಮೊಬೈಲಿನ ಸುತ್ತ ಗುಂಪುಗೂಡಿ, ಆ ಎರಡು ಲಾಗ ಬರುವ ಹೊತ್ತಿಗೆ ನೀವು ಉಸಿರು ಬಿಗಿಹಿಡಿಯುವುದನ್ನು ಕಂಡಿದ್ದೇನೆ. ಅದರಲ್ಲಿ ತಪ್ಪೇನೂ ಇಲ್ಲ, ನನಗೂ ಹಾಗೇ ಆಗುತ್ತದೆ. ಆದರೆ ಮಾರನೆಯ ದಿನವೇ ನಿಮ್ಮಲ್ಲೊಬ್ಬ ಕಾಂಪೌಂಡ್ ಗೋಡೆ ಹತ್ತಿ, ಕೆಳಗಿದ್ದ ಮರಳಿನ ರಾಶಿಗೆ ಮುಂದಕ್ಕೆ ಪಲ್ಟಿ ಹೊಡೆದ. ಉಳಿದವರು ಅದನ್ನು ರೀಲ್ಸ್‌ಗೆ ಹಿಡಿಯುತ್ತಿದ್ದರು. ಅವನ ಕುತ್ತಿಗೆ ಉಳಿದದ್ದು ಹೆತ್ತವರ ಪುಣ್ಯ. ಅವತ್ತಿನಿಂದ ಈ ಮಾತನ್ನು ನಿಮಗೆ ಹೇಳಬೇಕು, ಸಮಾಧಾನವಾಗಿ ಕೂರಿಸಿಕೊಂಡು ಹೇಳಬೇಕು ಎಂದು ಮನಸ್ಸಿಗೆ ಹತ್ತಿಬಿಟ್ಟಿದೆ.

ಮೊದಲು ಆ ಹಾರಾಟವನ್ನೇ ನಿಧಾನವಾಗಿ ನೋಡೋಣ. 2016ರ ಆಗಸ್ಟ್ 14, ಮಹಿಳೆಯರ ವಾಲ್ಟ್ ಫೈನಲ್. ಎಂಟು ಜನರ ಪೈಕಿ ಭಾರತದ ಒಬ್ಬಳೇ ಹುಡುಗಿ, ವಯಸ್ಸು 23. ಎದುರಿಗೆ 25 ಮೀಟರ್ ಓಟದ ಹಾದಿ, ತುದಿಯಲ್ಲಿ ಸ್ಪ್ರಿಂಗ್ ಹಲಗೆ, ಅದರಾಚೆ 125 ಸೆಂಟಿಮೀಟರ್ ಎತ್ತರದ ವಾಲ್ಟ್ ಟೇಬಲ್. ಎರಡನೆಯ ಸರದಿಯಲ್ಲಿ ದೀಪಾ ಆರಿಸಿಕೊಂಡದ್ದು ಪ್ರೊಡುನೋವಾ. 1999ರಲ್ಲಿ ರಷ್ಯಾದ ಎಲೆನಾ ಪ್ರೊಡುನೋವಾ ಸ್ಪರ್ಧೆಗೆ ತಂದ ಹಾರಾಟ ಅದು. ಓಡಿ ಬಂದು ಹಲಗೆ ಮೆಟ್ಟಿ, ಟೇಬಲ್ಲಿನ ಮೇಲೆ ಕೈಯೂರಿ ಚಿಮ್ಮಿ, ಗಾಳಿಯಲ್ಲಿ ಮುಂದಕ್ಕೆ ಎರಡು ಲಾಗ ಹಾಕಿ ಕಾಲಿನ ಮೇಲೆ ಇಳಿಯಬೇಕು. ಇಳಿಯುವ ಗಳಿಗೆಯಲ್ಲಿ ನೆಲ ಕಣ್ಣಿಗೆ ಬೀಳುವುದಿಲ್ಲ, ಅಂದಾಜಿನ ಮೇಲೆಯೇ ಕಾಲು ಬಿಚ್ಚಬೇಕು. ಸುತ್ತು ಒಂಚೂರು ಕಡಿಮೆಯಾದರೆ ಪೆಟ್ಟು ಬೀಳುವುದು ಕುತ್ತಿಗೆಗೋ ಬೆನ್ನಿಗೋ. ಅಲ್ಲಿಯವರೆಗೆ ಸ್ಪರ್ಧೆಯಲ್ಲಿ ಅದನ್ನು ಹಾರಿ ಕಾಲಿನ ಮೇಲೆ ಇಳಿದ ಹೆಣ್ಣುಮಕ್ಕಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ ಇದ್ದರು.

ದೀಪಾ ಇಳಿದಳು. ಆದರೆ ಆ ಕೊನೆಯ ಅರೆಗಳಿಗೆಯನ್ನು ನೋಡಿ. ಮಂಡಿ ಪೂರ್ತಿ ಮಡಿಚಿ, ಕುಕ್ಕರುಗಾಲಿನಲ್ಲಿ, ಇನ್ನೇನು ಕೂತೇಬಿಟ್ಟಳು ಎನ್ನುವಷ್ಟು ತಗ್ಗಿ, ಅಲ್ಲಿಂದ ಎದ್ದು ನಿಂತಳು. ಜಿಮ್ನಾಸ್ಟಿಕ್ಸ್‌ನಲ್ಲಿ ಅಂಕ ಎರಡು ಕಡೆಯಿಂದ ಬರುತ್ತದೆ. ಎಷ್ಟು ಕಠಿಣವಾದ ಹಾರಾಟ ಆರಿಸಿಕೊಂಡಿರಿ ಎಂಬುದಕ್ಕೆ ಒಂದು. ಅದನ್ನು ಎಷ್ಟು ಅಚ್ಚುಕಟ್ಟಾಗಿ ಮಾಡಿದಿರಿ ಎಂಬುದಕ್ಕೆ ಹತ್ತರಿಂದ ಕಳೆಯುತ್ತಾ ಬಂದು ಉಳಿಯುವ ಇನ್ನೊಂದು. ಪ್ರೊಡುನೋವಾಕ್ಕೆ ಆಗ ಕಠಿಣತೆಯ ಅಂಕವೇ 7.0. ಅಚ್ಚುಕಟ್ಟಿನ ಲೆಕ್ಕದಲ್ಲಿ ಆಕೆಗೆ ಸಿಕ್ಕಿದ್ದು 8.266. ಒಟ್ಟು 15.266. ಮೊದಲ ಹಾರಾಟದ 14.866 ಸೇರಿಸಿ ಸರಾಸರಿ ತೆಗೆದರೆ 15.066. ಕಂಚು ಗೆದ್ದ ಸ್ವಿಟ್ಜರ್ಲೆಂಡಿನ ಜೂಲಿಯಾ ಸ್ಟೈನ್‌ಗ್ರೂಬರ್ ಅವರದು 15.216. ಅಂತರ 0.150. ಚಿನ್ನ ಗೆದ್ದ ಸಿಮೋನ್ ಬೈಲ್ಸ್ ಪ್ರೊಡುನೋವಾದ ಗೋಜಿಗೇ ಹೋಗಲಿಲ್ಲ. ಕಠಿಣತೆಯ ಅಂಕ ಅದಕ್ಕಿಂತ ಕಡಿಮೆ ಇರುವ ಹಾರಾಟಗಳನ್ನು ಬಹುತೇಕ ಕುಂದಿಲ್ಲದೆ ಮಾಡಿ 15.966 ಪಡೆದರು.

ಇಲ್ಲಿಗೆ ಕಥೆ ಮುಗಿಸಿ, ಪದಕ ಕೂದಲೆಳೆಯಲ್ಲಿ ತಪ್ಪಿತು ಎಂದು ಹಲುಬುವವರು ತುಂಬಾ ಜನ ಇದ್ದಾರೆ. ನನಗೆ ಅದಕ್ಕಿಂತ ಮುಖ್ಯವಾದದ್ದು ಬೇರೆ. ಅಷ್ಟು ಎತ್ತರದಿಂದ ಎರಡು ಲಾಗ ಹಾಕಿ ಬಿದ್ದ ಭಾರವನ್ನು ಆ ಕಾಲುಗಳು ತಡೆದುಕೊಂಡವಲ್ಲ, ಆ ಕಾಲು ಎಲ್ಲಿಂದ ಬಂತು?

ದೀಪಾ ಹುಟ್ಟಿದ್ದು 1993ರ ಆಗಸ್ಟ್ 9ರಂದು, ತ್ರಿಪುರಾದ ಅಗರ್ತಲಾದಲ್ಲಿ. ತಂದೆ ದುಲಾಲ್ ಕರ್ಮಾಕರ್ ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ ವೇಟ್‌ಲಿಫ್ಟಿಂಗ್ ತರಬೇತುದಾರರಾಗಿದ್ದರು. ಆರನೇ ವಯಸ್ಸಿನಲ್ಲಿ ಮಗಳನ್ನು ಜಿಮ್ನಾಸ್ಟಿಕ್ಸ್‌ಗೆ ಹಾಕಿದವರೂ ಅವರೇ. ಮೊದಲು ಕಲಿಸಿದವರು ಸೋಮಾ ನಂದಿ. ಆಮೇಲೆ ಅವರ ಪತಿ ಬಿಶ್ವೇಶ್ವರ್ ನಂದಿ ಜವಾಬ್ದಾರಿ ಹೊತ್ತರು, ಕೊನೆಯವರೆಗೂ ಗುರುವಾಗಿ ಉಳಿದರು. ಆ ಹುಡುಗಿಯ ಪಾದ ನೋಡಿ ಅವರಿಗೆ ಚಿಂತೆಯಾಯಿತು. ಪಾದ ಚಪ್ಪಟೆ. ನಡುವೆ ಇರಬೇಕಾದ ಕಮಾನು ಇಲ್ಲ. ಒದ್ದೆ ಕಾಲಲ್ಲಿ ನಿಂತರೆ ನೆಲದ ಮೇಲೆ ಇಡೀ ಅಂಗಾಲಿನ ಗುರುತು ಮೂಡುತ್ತದಲ್ಲ, ಅಂಥ ಪಾದ. ಓಡುವಾಗ ಚಿಮ್ಮುವ ಶಕ್ತಿ, ಇಳಿಯುವಾಗ ಪೆಟ್ಟನ್ನು ಹಂಚಿಕೊಳ್ಳುವ ಶಕ್ತಿ ಎರಡಕ್ಕೂ ಆ ಕಮಾನು ಬೇಕು. ಜಿಮ್ನಾಸ್ಟಿಕ್ಸ್‌ಗೆ ಇದು ದೊಡ್ಡ ತೊಡಕು.

ಗುರುಗಳು ಏನು ಮಾಡಿದರು? ಲಾಗ ಹೇಳಿಕೊಡುವುದಕ್ಕಿಂತ ಮುಂಚೆ ಪಾದ ತಿದ್ದುವುದಕ್ಕೆ ಕೂತರು. ದಿನವೂ ಅದಕ್ಕೆಂದೇ ವ್ಯಾಯಾಮ. ಇವತ್ತು ಮಾಡಿದ್ದು ನಾಳೆ ಕಾಣಿಸುವ ಕೆಲಸ ಅದಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಮಾಡಬೇಕು. ನೋಡುವುದಕ್ಕೆ ಯಾರೂ ಬರುವುದಿಲ್ಲ, ಚಪ್ಪಾಳೆ ಬೀಳುವುದಿಲ್ಲ. ಆರೇಳು ವರ್ಷದ ಮಗುವಿಗೆ ಇದೆಷ್ಟು ಬೇಸರದ ಕೆಲಸ ಎಂದು ನೀವೇ ಯೋಚಿಸಿ. ಪಕ್ಕದಲ್ಲಿ ಬೇರೆ ಮಕ್ಕಳು ಹಾರುತ್ತಾ, ಉರುಳುತ್ತಾ ಇದ್ದರೆ, ಇವಳ ಪಾಲಿಗೆ ಪಾದ. ದೀಪಾಳ ಬದುಕಿನಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಈ ವರ್ಷಗಳು. ಯಾವ ವಿಡಿಯೊದಲ್ಲೂ ಇದು ಸಿಕ್ಕುವುದಿಲ್ಲ. ನಿಮ್ಮಲ್ಲಿ ಕೆಲವರು ವಾರ್ಮ್ ಅಪ್ ಮಾಡಿ ಎಂದರೆ ಎರಡು ಸಲ ಕೈಬೀಸಿ ಓಡಿಹೋಗುತ್ತೀರಿ. ಮೀನಖಂಡದ ವ್ಯಾಯಾಮ ಎಂದರೆ ಮುಖ ಸಿಂಡರಿಸುತ್ತೀರಿ. ದಯವಿಟ್ಟು ಹಾಗೆ ಮಾಡಬೇಡಿ. ಮನೆ ಕಟ್ಟುವಾಗ ಮಣ್ಣಿನೊಳಗೆ ಹೂತುಹೋಗುವ ತಳಪಾಯಕ್ಕೆ ದುಡ್ಡು ಸುರಿಯುವುದು ಯಾಕೆ ಎಂದು ಯಾರಾದರೂ ಕೇಳುತ್ತಾರೆಯೇ?

ವಿವೇಕಾನಂದ ವ್ಯಾಯಾಮಾಗಾರ ಎಂಬ ಅಗರ್ತಲಾದ ಆ ಕೇಂದ್ರದಲ್ಲಿ ಸೌಲಭ್ಯ ಎನ್ನುವುದು ಅಷ್ಟಕ್ಕಷ್ಟೇ ಇತ್ತು. ಮಳೆಗಾಲದಲ್ಲಿ ಒಳಗೆ ನೀರು ನುಗ್ಗುತ್ತಿತ್ತು, ಇಲಿ ಜಿರಳೆಗಳ ಕಾಟ ಇತ್ತು, ಹಳೆಯ ಸ್ಕೂಟರಿನ ಬಿಡಿಭಾಗಗಳಿಂದ ಮಾಡಿಕೊಂಡ ಸಾಧನದ ಮೇಲೆ ಆರಂಭದ ಅಭ್ಯಾಸ ನಡೆಯಿತು ಎಂದು ಆಕೆಯ ಬಗ್ಗೆ ಬಂದ ವರದಿಗಳಲ್ಲಿ ಓದಿದ್ದೇನೆ. ಇದನ್ನು ಹೇಳುವಾಗ ನಾನು ಬಡತನವನ್ನು ಹೊಗಳುತ್ತಿಲ್ಲ. ಒಳ್ಳೆಯ ಮ್ಯಾಟ್ ಇದ್ದಿದ್ದರೆ ದೀಪಾಳ ಮಂಡಿಗಳು ಇನ್ನೂ ನಾಲ್ಕು ವರ್ಷ ಹೆಚ್ಚಿಗೆ ಬಾಳುತ್ತಿದ್ದವೋ ಏನೋ ಎಂದು ನನಗೆ ಸಂಕಟವಾಗುತ್ತದೆ. ಆದರೂ ತ್ರಿಪುರಾದಂಥ ಪುಟ್ಟ ರಾಜ್ಯದಲ್ಲಿ ಜಿಮ್ನಾಸ್ಟಿಕ್ಸ್‌ನ ಹಳೆಯ ಪರಂಪರೆಯೊಂದು ಇತ್ತು. ಅರ್ಜುನ ಪ್ರಶಸ್ತಿ ಪಡೆದ ಜಿಮ್ನಾಸ್ಟ್ ಮಂಟು ದೇಬನಾಥ್ ಆ ರಾಜ್ಯದವರೇ. ಕಲಿತವರು ಕಲಿಸುವುದಕ್ಕೆ ಊರಲ್ಲೇ ಉಳಿದಿದ್ದರು. ಸಾಮಾನು ಇಲ್ಲದ ಕಡೆ ಗುರು ಇದ್ದರು, ಆಕೆಯನ್ನು ಕಾಪಾಡಿದ್ದು ಅದೇ.

ಹೀಗೆ ಬೆಳೆದ ದೀಪಾಗೆ ಮೊದಲು ಜಲ್ಪೈಗುರಿಯ ಜೂನಿಯರ್ ರಾಷ್ಟ್ರೀಯ ಸ್ಪರ್ಧೆಯಲ್ಲಿ ಗೆಲುವು ಸಿಕ್ಕಿತು. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ತಂಡದಲ್ಲಿದ್ದಳು, ಬರಿಗೈಯಲ್ಲಿ ಮರಳಿದಳು. ಅದೇ ಕೂಟದಲ್ಲಿ ಆಶಿಶ್ ಕುಮಾರ್ ಭಾರತಕ್ಕೆ ಜಿಮ್ನಾಸ್ಟಿಕ್ಸ್‌ನ ಮೊದಲ ಪದಕಗಳನ್ನು ತಂದಿದ್ದರು. ಮರುವರ್ಷ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ದೀಪಾಗೆ ಐದು ಚಿನ್ನ.

ಇನ್ನು ಆ ಪ್ರೊಡುನೋವಾ. ಅಷ್ಟು ಅಪಾಯದ್ದನ್ನು ಯಾಕೆ ಆರಿಸಿಕೊಂಡಳು? ಧೈರ್ಯ ತೋರಿಸುವುದಕ್ಕೆ ಎಂದು ನೀವು ತಿಳಿದಿದ್ದರೆ ಅದು ತಪ್ಪು ತಿಳಿವಳಿಕೆ. ಅದರ ಹಿಂದೆ ಲೆಕ್ಕವಿತ್ತು. ರಷ್ಯಾ, ಅಮೆರಿಕ, ಚೀನಾಗಳಲ್ಲಿ ನಾಲ್ಕೈದು ವರ್ಷದ ಮಕ್ಕಳನ್ನು ಹಿಡಿದು, ದೊಡ್ಡ ದೊಡ್ಡ ಜಿಮ್‌ಗಳಲ್ಲಿ, ಹತ್ತಾರು ಪರಿಣತರ ಕಣ್ಣೆದುರು ಬೆಳೆಸುತ್ತಾರೆ. ಅವರ ಅಚ್ಚುಕಟ್ಟನ್ನು ಅಗರ್ತಲಾದಿಂದ ಹೋದವರು ಸರಿಗಟ್ಟುವುದು ಕಷ್ಟ. ಹಾಗಾದರೆ ಉಳಿದ ಬಾಗಿಲು ಒಂದೇ, ಕಠಿಣತೆಯ ಅಂಕ. ಈ ಹಾರಾಟವನ್ನು ಕೈಗೆತ್ತಿಕೊಂಡವರ ಪಟ್ಟಿಯಲ್ಲಿ ಡೊಮಿನಿಕನ್ ಗಣರಾಜ್ಯದ ಯಾಮಿಲೆಟ್ ಪೆನ್ಯಾ, ಈಜಿಪ್ಟಿನ ಫದ್ವಾ ಮಹಮೂದ್ ಇದ್ದಾರೆ. ದೊಡ್ಡ ಶಕ್ತಿಗಳಲ್ಲದ ದೇಶಗಳ ಹೆಣ್ಣುಮಕ್ಕಳು. ಕಾರಣ ಹೊಳೆಯಿತಲ್ಲವೇ?

ಆರಿಸಿಕೊಂಡ ಮೇಲೆ ನೇರ ಹೋಗಿ ಹಾರಿಬಿಡಲಿಲ್ಲ. ಮೊದಲು ಮೆತ್ತನೆಯ ಜಾಗಕ್ಕೆ ಬಿದ್ದು ಅಭ್ಯಾಸ, ಆಮೇಲೆ ಸ್ಪರ್ಧೆಯ ಮ್ಯಾಟ್. ಮೂರು ತಿಂಗಳಲ್ಲಿ ಸಾವಿರ ಸಲ ಹಾರಿದೆ ಎಂದು ಆಕೆ ಹೇಳಿಕೊಂಡದ್ದು ಪತ್ರಿಕೆಗಳಲ್ಲಿ ಬಂದಿದೆ. ಕಠಿಣವಾದದ್ದನ್ನು ಆರಿಸಿಕೊಳ್ಳಬೇಡಿ ಎಂದು ನಾನು ನಿಮಗೆ ಯಾವತ್ತೂ ಹೇಳುವುದಿಲ್ಲ. ಅದನ್ನೇ ಯಾಕೆ ಆರಿಸಿಕೊಂಡಿರಿ ಎಂದು ಕೇಳಿದರೆ ನಿಮ್ಮ ಬಳಿ ಉತ್ತರ ಇರಬೇಕು, ಅದಕ್ಕೆ ಮುಂಚಿನ ಮೆಟ್ಟಿಲುಗಳನ್ನು ಹತ್ತಿರಬೇಕು. ಎರಡೂ ಇಲ್ಲದೆ ಗೋಡೆಯಿಂದ ಮರಳಿಗೆ ಹಾರುವುದನ್ನು ನಾನು ಧೈರ್ಯ ಎಂದು ಒಪ್ಪುವುದಿಲ್ಲ.

2014ರಲ್ಲಿ ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟದಲ್ಲಿ ಕಂಚು, ಭಾರತದ ಮಹಿಳಾ ಜಿಮ್ನಾಸ್ಟ್‌ಗೆ ಆ ಕೂಟದಲ್ಲಿ ಮೊದಲ ಪದಕ. 2015ರಲ್ಲಿ ಹಿರೋಷಿಮಾದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಐದನೇ ಸ್ಥಾನ. 2016ರ ಏಪ್ರಿಲ್‌ನಲ್ಲಿ ಒಲಿಂಪಿಕ್ಸ್‌ಗೆ ಅರ್ಹತೆ. ಹಾಗೆ ಅರ್ಹತೆ ಪಡೆದ ಭಾರತದ ಮೊದಲ ಮಹಿಳಾ ಜಿಮ್ನಾಸ್ಟ್ ಆಕೆ. ಪುರುಷರಾದರೂ 1964ರ ನಂತರ ಯಾರೂ ಹೋಗಿರಲಿಲ್ಲ. ಅಂದರೆ ಆಕೆ ಹುಟ್ಟುವುದಕ್ಕೆ ಮೂರು ದಶಕ ಮೊದಲೇ ಮುಚ್ಚಿಹೋಗಿದ್ದ ದಾರಿ ಅದು.

ರಿಯೊದಲ್ಲಿ ಅರ್ಹತಾ ಸುತ್ತಿಗೂ ಫೈನಲ್‌ಗೂ ನಡುವೆ ಒಂದು ವಾರ ಬಿಡುವಿತ್ತು. ಬಿಶ್ವೇಶ್ವರ್ ನಂದಿ ಅವರು ಆಕೆಯ ಮೊಬೈಲಿನಿಂದ ಸಿಮ್ ತೆಗೆದಿಟ್ಟುಕೊಂಡರು. ಆ ವಾರದಲ್ಲೇ ಆಕೆಯ ಹುಟ್ಟುಹಬ್ಬ ಬಂತು, ಅವತ್ತು ಮಾತ್ರ ತಂದೆತಾಯಿಯ ಜೊತೆ ಮಾತು. ದೇಶವೆಲ್ಲ ಆಕೆಯ ಹೆಸರು ಜಪಿಸುತ್ತಿರುವಾಗ ಆಕೆಯ ಕಿವಿಗೆ ಅದು ಬೀಳದಂತೆ ನೋಡಿಕೊಂಡರು. ನಿಮ್ಮ ಸಿಮ್ ಕೀಳುವವನಲ್ಲ ನಾನು. ಆದರೆ ಜಿಲ್ಲಾ ಮಟ್ಟದ ಸ್ಪರ್ಧೆಯ ಹಿಂದಿನ ರಾತ್ರಿ ಹನ್ನೆರಡರವರೆಗೆ ಸ್ಟೇಟಸ್ಸಿಗೆ ಬಂದ ಲೈಕ್ ನೋಡುತ್ತಾ ಕೂರುವವರು ನಿಮ್ಮಲ್ಲಿದ್ದಾರೆ. ಹೊಗಳಿಕೆಯೂ ಮೈಯನ್ನು ದಣಿಸುತ್ತದೆ ಎಂಬುದನ್ನು ನಂಬಿ.

ಗುರುವಿನ ಮಾತು ಬಂದಾಗ ಇನ್ನೊಂದು ವಿಷಯವನ್ನು ಬಾಯಿಬಿಟ್ಟೇ ಹೇಳಬೇಕು, ಅದರಲ್ಲೂ ಹೆಣ್ಣುಮಕ್ಕಳಿಗೆ. ದೀಪಾಗೆ ಸಿಕ್ಕಂಥ ಗುರು ಎಲ್ಲರಿಗೂ ಸಿಗುವುದಿಲ್ಲ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್, ಚಿಕಿತ್ಸೆಯ ನೆಪದಲ್ಲಿ ನೂರಾರು ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿ ಈಗ ಜೈಲಿನಲ್ಲಿದ್ದಾನೆ. ಸಿಮೋನ್ ಬೈಲ್ಸ್ ಕೂಡ ತನ್ನ ಮೇಲೂ ನಡೆಯಿತೆಂದು 2018ರಲ್ಲಿ ಬಹಿರಂಗವಾಗಿ ಹೇಳಿದರು. ವರ್ಷಗಟ್ಟಲೆ ಅದು ನಡೆದದ್ದು, ದೊಡ್ಡವರಿಗೆ ಎದುರು ಹೇಳಬಾರದು ಎಂದು ಮಕ್ಕಳಿಗೆ ಕಲಿಸಿದ್ದರಿಂದ, ಹೇಳಿದವರ ಮಾತನ್ನು ದೊಡ್ಡವರು ಕಿವಿಗೆ ಹಾಕಿಕೊಳ್ಳದ್ದರಿಂದ. ಗುರುವಿಗೆ ವಿಧೇಯರಾಗಿರಿ, ಆದರೆ ಮುಟ್ಟುವ ರೀತಿ ಸರಿ ಕಾಣದಿದ್ದರೆ, ಬಾಗಿಲು ಹಾಕಿಕೊಂಡು ಒಬ್ಬರೇ ಬಾ ಎಂದರೆ, ಅದೇ ದಿನ ಅಮ್ಮನಿಗೋ ಅಕ್ಕನಿಗೋ ನಿಮಗೆ ನಂಬಿಕೆಯಿರುವ ಟೀಚರಿಗೋ ಹೇಳಿಬಿಡಿ. ಆಯ್ಕೆ ಕೈತಪ್ಪುತ್ತದೆ ಎಂದು ಹೆದರಬೇಡಿ. ನಿಮಗಿಂತ ದೊಡ್ಡ ಪದಕ ಯಾವುದೂ ಇಲ್ಲ.

ಅದೇ ಬೈಲ್ಸ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ನಡುವೆ, ಗಾಳಿಯಲ್ಲಿ ತನ್ನ ಮೈ ಎಲ್ಲಿದೆ ಎಂಬ ಅರಿವೇ ತಪ್ಪಿಹೋಗುತ್ತಿದೆ ಎಂದು ಗೊತ್ತಾದಾಗ ಒಂದಾದ ಮೇಲೊಂದು ಫೈನಲ್‌ನಿಂದ ಹಿಂದೆ ಸರಿದರು. ಹೇಡಿ ಎಂದವರಿದ್ದರು. ಆದರೆ ಅಂಥ ಸ್ಥಿತಿಯಲ್ಲಿ ಹಾರಿದ್ದರೆ ಕುತ್ತಿಗೆ ಮುರಿಯುವ ಅಪಾಯವಿತ್ತು ಎಂಬುದು ಈ ಆಟ ಬಲ್ಲ ಯಾರಿಗಾದರೂ ಗೊತ್ತು. ಮೂರು ವರ್ಷದ ಮೇಲೆ ಪ್ಯಾರಿಸ್‌ನಲ್ಲಿ ಅವರೇ ಮತ್ತೆ ಆಲ್‌ರೌಂಡ್ ಚಿನ್ನ ಗೆದ್ದರು. ಮೈ ಬೇಡ ಎಂದ ದಿನ ನಿಲ್ಲಿಸಿ. ಅದಕ್ಕೆ ನನ್ನ ಅನುಮತಿ ಈಗಲೇ ಇದೆ.

ರಿಯೊದಿಂದ ಮರಳಿದ ದೀಪಾಗೆ ಖೇಲ್ ರತ್ನ ಬಂತು, ಗುರುವಿಗೆ ದ್ರೋಣಾಚಾರ್ಯ. ಉಡುಗೊರೆಯಾಗಿ ಬಂದ ಬಿಎಂಡಬ್ಲ್ಯು ಕಾರು ಅಗರ್ತಲಾದ ಕಿರಿದಾದ ರಸ್ತೆಗಳಿಗೆ ಹೊಂದುವುದಿಲ್ಲ, ಅಲ್ಲಿ ಅದರ ಸರ್ವಿಸ್ ಸೆಂಟರ್ ಕೂಡ ಇಲ್ಲ ಎಂದು ಹಿಂದಿರುಗಿಸಿ, ಅದರ ಬದಲಿಗೆ ಹಣ ಪಡೆದು ಊರಿಗೆ ಹೊಂದುವ ಕಾರು ಕೊಂಡಳು. ರಿಯೊದಿಂದ ಬಂದ ಬೆನ್ನಿಗೇ ಎಂ.ಎ. ಪರೀಕ್ಷೆಗೂ ಕೂತಳು. ಓದು ಬಿಟ್ಟು ಆಟ, ಆಟ ಬಿಟ್ಟು ಓದು ಎಂದು ಮನೆಯಲ್ಲಿ ಜಗಳ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಿ.

ಆಮೇಲಿನ ವರ್ಷಗಳು ಕಷ್ಟದವು. 2017ರಲ್ಲಿ ಮಂಡಿಯ ಲಿಗಮೆಂಟ್ ಹರಿಯಿತು, ಶಸ್ತ್ರಚಿಕಿತ್ಸೆ ಆಯಿತು. ಮುಂದಿನ ವರ್ಷದ ಕಾಮನ್‌ವೆಲ್ತ್ ಕೂಟ ತಪ್ಪಿತು. 2018ರ ಜುಲೈನಲ್ಲಿ ಟರ್ಕಿಯ ಮೆರ್ಸಿನ್‌ನಲ್ಲಿ ವರ್ಲ್ಡ್ ಚಾಲೆಂಜ್ ಕಪ್ ಚಿನ್ನ ಗೆದ್ದು ಎದ್ದು ಬಂದಳು. ಆದರೆ ಅದರ ಮರುತಿಂಗಳೇ ಏಷ್ಯನ್ ಗೇಮ್ಸ್‌ನಲ್ಲಿ ಅದೇ ಮಂಡಿ ಮತ್ತೆ ಕಾಡಿತು. ನಿಮಗೆ ನೋವಾದಾಗ ಮುಚ್ಚಿಡಬೇಡಿ. ಸೆಲೆಕ್ಷನ್ ಇದೆ, ಸರ್‌ಗೆ ಹೇಳಿದರೆ ಕೂರಿಸುತ್ತಾರೆ ಎಂದು ಊದಿದ ಪಾದಕ್ಕೆ ಬ್ಯಾಂಡೇಜ್ ಬಿಗಿದು ಓಡುವುದನ್ನು ನೋಡಿದ್ದೇನೆ. ಒಂದು ಸೆಲೆಕ್ಷನ್ ಹೋದರೆ ಇನ್ನೊಂದು ಬರುತ್ತದೆ, ಮಂಡಿ ಇರುವುದು ಎರಡೇ.

ಇನ್ನೊಂದನ್ನು ನಾನು ಮುಚ್ಚಿಡುವುದಿಲ್ಲ. 2021ರ ಅಕ್ಟೋಬರ್‌ನಲ್ಲಿ ತೆಗೆದ ಆಕೆಯ ಮಾದರಿಯಲ್ಲಿ ಹೈಜೆನಮೈನ್ ಎಂಬ ನಿಷೇಧಿತ ವಸ್ತು ಸಿಕ್ಕಿತು. 21 ತಿಂಗಳ ನಿಷೇಧ ಬಿತ್ತು, 2023ರ ಜುಲೈಗೆ ಮುಗಿಯಿತು. ಗೊತ್ತಿಲ್ಲದೆ ದೇಹ ಸೇರಿದೆ, ಎಲ್ಲಿಂದ ಬಂತೋ ಪತ್ತೆಯಾಗಲಿಲ್ಲ ಎಂದು ಆಕೆ ಹೇಳಿದಳು. ಹೈಜೆನಮೈನ್ ಕೆಲವು ಗಿಡಮೂಲಿಕೆಗಳಲ್ಲೇ ಇರುವಂಥದ್ದು, ತೂಕ ಇಳಿಸುವ, ಶಕ್ತಿ ಹೆಚ್ಚಿಸುವ ಪುಡಿಗಳಲ್ಲೂ ಸೇರಿಕೊಂಡಿರುತ್ತದೆ. ಗೊತ್ತಿರಲಿಲ್ಲ ಎಂದರೂ ನಿಯಮ ಬಿಡುವುದಿಲ್ಲ, ಆಟಗಾರನ ಮೈಯೊಳಗೆ ಏನಿದೆಯೋ ಅದಕ್ಕೆ ಆಟಗಾರನೇ ಹೊಣೆ. ಈಗ ನಮ್ಮ ತಾಲ್ಲೂಕು ಕೇಂದ್ರಗಳ ಜಿಮ್‌ಗಳಲ್ಲಿ ಡಬ್ಬಿಗಟ್ಟಲೆ ಪುಡಿ ಮಾರುತ್ತಿದ್ದಾರೆ. ನ್ಯಾಚುರಲ್, ಹರ್ಬಲ್ ಎಂದು ಬರೆದಿರುವುದನ್ನೇ ನಂಬಿ ಬಾಯಿಗೆ ಹಾಕಬೇಡಿ. ನೆಗಡಿಗೆ ಮಾತ್ರೆ ತೆಗೆದುಕೊಳ್ಳುವಾಗಲೂ ನಾನು ಸ್ಪರ್ಧೆಗೆ ಹೋಗುವವನು, ಹೋಗುವವಳು ಎಂದು ಡಾಕ್ಟರಿಗೆ ಮೊದಲೇ ಹೇಳಿ.

ಆ ನಿಷೇಧದ ಹೊತ್ತಿಗೆ ಆಕೆಗೆ ಮೂವತ್ತರ ಹತ್ತಿರ. ಎರಡು ಸಲ ಹಾಳಾದ ಮಂಡಿ, ಕೆಟ್ಟ ಹೆಸರು. ಅಲ್ಲಿಗೆ ಬಿಟ್ಟಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ 2024ರ ಮೇ 26ರಂದು ತಾಷ್ಕೆಂಟ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 13.566 ಅಂಕದೊಂದಿಗೆ ವಾಲ್ಟ್ ಚಿನ್ನ ಗೆದ್ದಳು. ಸೀನಿಯರ್ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಮೊದಲ ಚಿನ್ನ. ಉತ್ತರ ಕೊರಿಯಾದ ಇಬ್ಬರು ಹುಡುಗಿಯರು ಆಕೆಯ ಹಿಂದೆ. ಅಂಕ ನೋಡಿ ಮಕ್ಕಳೇ, ರಿಯೊದ 15.066 ಎಲ್ಲಿ, ಇದೆಲ್ಲಿ? ಅಲ್ಲಿ ಆಕೆ ಪ್ರೊಡುನೋವಾ ಹಾರಲಿಲ್ಲ. ತನ್ನ ಮಂಡಿ ಈಗ ಏನನ್ನು ತಡೆದುಕೊಳ್ಳುತ್ತದೋ ಅಷ್ಟನ್ನೇ ಆರಿಸಿಕೊಂಡು, ಅದನ್ನು ಅಚ್ಚುಕಟ್ಟಾಗಿ ಮಾಡಿದಳು. ನನ್ನನ್ನು ಕೇಳಿದರೆ ರಿಯೊದ ಹಾರಾಟಕ್ಕಿಂತ ನೀವು ಹತ್ತು ಸಲ ನೋಡಬೇಕಾದದ್ದು ಇದು. ಆದರೆ ಆ ಚಿನ್ನ ಪ್ಯಾರಿಸ್ ಒಲಿಂಪಿಕ್ಸ್‌ಗೆ ದಾರಿ ಮಾಡಿಕೊಡಲಿಲ್ಲ. ಅದೇ ವರ್ಷ ಅಕ್ಟೋಬರ್ 7ರಂದು ಆಕೆ ನಿವೃತ್ತಿ ಘೋಷಿಸಿದಳು, ಮುಂದೆ ತನ್ನಂಥ ಹುಡುಗಿಯರಿಗೆ ಕಲಿಸುವ ಆಸೆಯಿದೆ ಎಂದಳು.

ನಿಮ್ಮಲ್ಲಿ ಯಾರಿಗೆ ನಿಜವಾಗಿ ಈ ಆಟ ಕಲಿಯುವ ಆಸೆಯಿದೆಯೋ, ಅವರು ನನ್ನ ಹತ್ತಿರ ಬನ್ನಿ. ಹಿಂಜರಿಯಬೇಡಿ. ಗೋಡೆಯಿಂದ ಹಾರಿದ ಆ ಹುಡುಗನೇ ಮೊದಲು ಬರಲಿ, ಅವನ ಮೈಯಲ್ಲಿ ಒಳ್ಳೆಯ ಚಿಮ್ಮು ಇದೆ. ಮೊದಲ ಕೆಲವು ತಿಂಗಳು ಬರೀ ಪಾದ, ಮಂಡಿ, ಸೊಂಟದ ವ್ಯಾಯಾಮ, ಮ್ಯಾಟಿನ ಮೇಲೆ ಬೀಳುವುದು, ಉರುಳುವುದು, ಏಳುವುದು. ಅಷ್ಟಕ್ಕೆ ಮೇಲೆ ಕಲಿಸುವ ಪರಿಣತಿ ನನ್ನದಲ್ಲ, ಬಲ್ಲ ತರಬೇತುದಾರರ ಬಳಿ ನಾನೇ ಕರೆದುಕೊಂಡು ಹೋಗುತ್ತೇನೆ. ನಮ್ಮ ಶಾಲೆಯಲ್ಲಿರುವ ಎರಡು ಮ್ಯಾಟೂ ಹರಿದಿವೆ. ಕ್ರೀಡಾ ಇಲಾಖೆಗೂ ಶಾಲಾಭಿವೃದ್ಧಿ ಸಮಿತಿಗೂ ಕೊಡಬೇಕಾದ ಅರ್ಜಿ ಬರೆದಿಟ್ಟಿದ್ದೇನೆ. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ನಿಮ್ಮ ಅಪ್ಪ ಅಮ್ಮನನ್ನು ಕರೆದುಕೊಂಡು ಬನ್ನಿ, ಎಲ್ಲರೂ ಸಹಿ ಹಾಕಿ ಕಳಿಸೋಣ.